ಮಗುಚಿದ ಹದಿನಾರು ಹಾಳೆ

"ಇದೇನು ಮೊಲಾನೇನೋ ಟೂಹಿ, ಇಲ್ಲಾ ಸಂಬಳದ ದಿನ ಕುಡಿದು ಮನೆ ಕಡೆ ಹೊರಟ ನಿಮ್ಮಪ್ಪಾನಾ?"

ಪರದೆಯ ಪಕ್ಕದಲ್ಲಿ ನಿಂತು, ಕೈಯಲ್ಲಿ ಕಾಫಿ ಲೋಟ ಹಿಡಿದು ನಮ್ಮ ಅನಿಮೇಶನ್ ಸ್ಟುಡಿಯೋದ ಒಡೆಯ ಲೋರ್ಕನ್ ಡೆವೇನ್ ಈ ಮಾತು ಹೇಳಿದ. ಕೋಣೆಯಲ್ಲಿ ಇಪ್ಪತ್ತೆರಡು ಜನ ಇದ್ದೆವು. ಹಿಂದಿನ ದಿನ ಬಿಡಿಸಿದ್ದನ್ನೆಲ್ಲ ಬೆಳಿಗ್ಗೆ ಒಂಬತ್ತಕ್ಕೆ ಪರದೆಯ ಮೇಲೆ ಓಡಿಸಿ ನೋಡುವುದು ನಮ್ಮಲ್ಲಿ ದಿನದ ಪದ್ಧತಿ. ನಾನು ಬಿಡಿಸಿದ ಮೊಲ ಪರದೆಯ ಮೇಲೆ ಕುಂಟುತ್ತಾ ಹೋಗುತ್ತಿತ್ತು, ತುದಿ ಮುಟ್ಟುತ್ತಿತ್ತು, ಮತ್ತೆ ಮೊದಲಿಂದ ಕುಂಟುತ್ತಿತ್ತು.

ಮೊದಲು ಯಾರೂ ನಗಲಿಲ್ಲ. ಲೋರ್ಕನ್‌ಗೆ ಅದು ಸಾಲದಾಯಿತು. ಲೋಟವನ್ನು ಕಿಟಕಿಯ ಮೇಲಿಟ್ಟು, ಎಡಗಾಲು ಎಳೆದುಕೊಂಡು ನಾಲ್ಕು ಹೆಜ್ಜೆ ನಡೆದು ತೋರಿಸಿದ. ಸೊಂಟ ಹೊರಕ್ಕೆ ಬಾಗಿತು, ಬಲ ಭುಜ ಇಳಿಯಿತು, ಕೈ ಗೋಡೆ ಹುಡುಕಿತು. ಥೇಟ್ ನಮ್ಮಪ್ಪ. ಆಗ ಎಲ್ಲರೂ ನಕ್ಕರು. ನಮ್ಮ ಊರಿನಲ್ಲಿ ಮಾಸಿ ಟೂಹಿಯ ನಡಿಗೆ ಗೊತ್ತಿಲ್ಲದವರು ಯಾರಿದ್ದಾರೆ? ಒಂದು ಕಾಲದಲ್ಲಿ ಊರ ತಂಡಕ್ಕೆ ಹರ್ಲಿಂಗ್ ಅನ್ನುವ ಕೋಲು-ಚೆಂಡಿನ ಆಟ ಆಡುತ್ತಿದ್ದವನು. ಮಾಂಸದ ಕಾರ್ಖಾನೆಯಲ್ಲಿ ಹಸುವಿನ ದೇಹ ತೂಗುಹಾಕುವ ಕಬ್ಬಿಣದ ಹಳಿ ಎಡ ಮಂಡಿಯ ಮೇಲೆ ಬಿದ್ದ ದಿನದಿಂದ ಹೀಗೆ ನಡೆಯುತ್ತಾನೆ.

ಅಲ್ಲಿದ್ದವರೆಲ್ಲ ನಗುವಾಗ ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಕೊನೆಯ ಸಾಲಿನಲ್ಲಿ, ನನಗೆ ಕೆಲಸ ಕಲಿಸಿದ ಗೋಬ್ನೆಟ್ ಕೂತಿದ್ದಳು. ಆಕೆಯೂ ನಗುತ್ತಿದ್ದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ನಿಜ ಹೇಳಿಬಿಡುತ್ತೇನೆ. ಅದು ಅಪ್ಪನ ನಡಿಗೆಯೇ. ಮೂರು ವಾರ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಅವನು ಇದ್ದಿಲು ತರಲು ಹೋಗುವುದನ್ನೂ ಬರುವುದನ್ನೂ ಕದ್ದು ನೋಡಿ ಬಿಡಿಸಿದ್ದೆ. ಮೊಲದ ಚರ್ಮದೊಳಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡಿದ್ದೆ. ಲೋರ್ಕನ್‌ಗೆ ತಿಳಿಯಿತು. ಆ ನಾಯಿಗೆ ಕಣ್ಣಿದೆ, ಅದನ್ನು ಇಲ್ಲ ಅನ್ನಲಾರೆ.

"ನಡಿಗೆ ಚೆನ್ನಾಗಿದೆ, ಸುಳ್ಳು ಯಾಕೆ ಹೇಳ್ಲಿ," ಅಂದ ಲೋರ್ಕನ್, ನಗು ಇಳಿದ ಮೇಲೆ. "ಇಟ್ಕೋತೀವಿ. ಆದ್ರೆ ನೀನು ಇನ್ನು ಮೊಲ ಮುಟ್ಟಬೇಡ. ಇವತ್ತಿಂದ ಮೊಲ ನಂದು. ನೀನು ಕೆಳಗೆ ಸ್ಕ್ಯಾನರ್ ಹತ್ರ ಹೋಗು. ಹಾಳೆ ಇಡೋದು, ಗುಂಡಿ ಒತ್ತೋದು. ಹದಿನೈದಕ್ಕೆ ಶಾಲೆ ಬಿಟ್ಟೋನಿಗೆ ಅಷ್ಟಾದ್ರೂ ಬರತ್ತಲ್ವಾ?"

ಮತ್ತೆ ನಗು. ನಾನು ಪೆನ್ಸಿಲ್ ಡಬ್ಬಿ ಎತ್ತಿಕೊಂಡು ಕೆಳಗೆ ಇಳಿದೆ.

ನಮ್ಮ ಸ್ಟುಡಿಯೋ ಇರುವುದು ನೋರ್ ನದಿಯ ದಂಡೆಯ ಹಳೆಯ ಹಿಟ್ಟಿನ ಗಿರಣಿಯಲ್ಲಿ. ಸ್ಕ್ಯಾನರ್ ಇರುವುದು ನೆಲಮಾಳಿಗೆಯಲ್ಲಿ, ಹಿಂದೆ ಗೋಧಿ ಮೂಟೆ ಪೇರಿಸುತ್ತಿದ್ದ ಜಾಗದಲ್ಲಿ. ಅಲ್ಲಿ ಕಿಟಕಿ ಇಲ್ಲ. ನದಿಯ ಸದ್ದು ಮಾತ್ರ ಇದೆ.

ನಾವು ಮಾಡುತ್ತಿದ್ದ ಚಿತ್ರದ ಕಥೆ ನಮ್ಮ ಕಡೆಯ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ಮೇ ತಿಂಗಳ ಮೊದಲ ಮುಂಜಾನೆ ಒಬ್ಬ ಹೆಂಗಸು ಮೊಲವಾಗಿ ಹೊಲಕ್ಕೆ ಇಳಿಯುತ್ತಾಳೆ, ನೆರೆಯವರ ಹಸುಗಳ ಹಾಲು ಕುಡಿದು ಬರುತ್ತಾಳೆ. ಆಮೇಲೆ ಆ ಮನೆಯವರು ವರ್ಷವಿಡೀ ಕೆನೆ ಕಡೆದರೂ ಬೆಣ್ಣೆ ಬರುವುದಿಲ್ಲ. ಒಂದು ವರ್ಷ ಕರಿಯ ಬೇಟೆನಾಯಿ ಆ ಮೊಲದ ಹಿಂದಿನ ಎಡಗಾಲಿಗೆ ಬಾಯಿ ಹಾಕುತ್ತದೆ. ಗಂಡಸರು ರಕ್ತದ ಜಾಡು ಹಿಡಿದು ಹೋಗುತ್ತಾರೆ. ಜಾಡು ಒಂದು ಬಡ ಮನೆಯ ಅರೆಬಾಗಿಲಿಗೆ ಮುಟ್ಟುತ್ತದೆ. ಒಳಗೆ ಹೆಂಗಸೊಬ್ಬಳು ಒಲೆಯ ಮುಂದೆ ಉಣ್ಣೆ ಹಿಂಜುತ್ತಾ ಕೂತಿದ್ದಾಳೆ, ಲಂಗವನ್ನು ಕಾಲ ಮೇಲೆ ಎಳೆದುಕೊಂಡು. ನಮ್ಮ ಚಿತ್ರದಲ್ಲಿ ಆಕೆಗೆ ಒಂಬತ್ತು ವರ್ಷದ ಮಗಳು. ಅಮ್ಮನ ಎಡಗಾಲಿನ ಕಾಲುಚೀಲ ಕೆಂಪಾಗಿರುವುದನ್ನು ಮಗಳು ನೋಡುತ್ತಾಳೆ. ಎಲ್ಲ ಅರ್ಥವಾಗುತ್ತದೆ. ಗಂಡಸರು ಒಳಗೆ ಬರುವ ಹೊತ್ತಿಗೆ ಮಣೆ ಎಳೆದುಕೊಂಡು ಹೋಗಿ ಆ ಕಾಲಿಗೆ ಅಡ್ಡ ಕೂರುತ್ತಾಳೆ. ಎಪ್ಪತ್ತು ನಿಮಿಷದ ಚಿತ್ರ, ಎಲ್ಲವೂ ಆ ಒಂದು ಎಡಗಾಲಿಗಾಗಿ. ಅದಕ್ಕಾಗಿ ನಾಲ್ಕು ವರ್ಷದಿಂದ ಇಪ್ಪತ್ತೆರಡು ಜನ ಅಡಿಯಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಕಣ್ಣು ಸುಟ್ಟುಕೊಳ್ಳುತ್ತಿದ್ದೆವು.

ಊರಿನವರಿಗೆ ಲೋರ್ಕನ್ ಅಂದರೆ ದೇವರು. ಊರಿಗೆ ಕೆಲಸ ತಂದವನು, ಹೊರದೇಶದಲ್ಲಿ ಬಹುಮಾನ ಗೆದ್ದು ಬಂದವನು. ಪುಸ್ತಕದಂಗಡಿಯ ಕಿಟಕಿಯಲ್ಲಿ ಅವನ ಫೋಟೋ ಇದೆ. ಅವನು ಯಾರನ್ನಾದರೂ ಹಂಗಿಸಿದರೆ ಅದು ತಮಾಷೆ. ನಾನು ತಿರುಗಿಸಿ ಹೇಳಿದರೆ ಅದು ಕೊಬ್ಬು. ನನಗೆ ಬೇಕಾಗಿದ್ದದ್ದು ಒಂದೇ. ಇಡೀ ಊರಿನ ಮುಂದೆ, ಜನ ನಗುತ್ತಿರುವಾಗ, ಆ ಮುಖ ಒಮ್ಮೆ ಜೋತು ಬೀಳಬೇಕು. ಅದಕ್ಕೆ ಏನು ಕೊಡಲೂ ಸಿದ್ಧನಿದ್ದೆ. ಕೊಡುವುದು ನನ್ನದೇ ಆಗಿರಬೇಕು ಅಂತೇನೂ ಇರಲಿಲ್ಲ.

ಗೋಬ್ನೆಟ್‌ಗೆ ಅರವತ್ತೊಂದು. ಕಾರ್ಕ್ ಕಡೆಯವಳು, ಮದುವೆಯಿಲ್ಲ, ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ನಾವು ಗೀಚಿದ ಒರಟು ಚಿತ್ರದ ಮೇಲೆ ಹೊಸ ಹಾಳೆ ಇಟ್ಟು, ಒಂದೇ ಒಂದು ಶುದ್ಧ ಗೆರೆ ಎಳೆಯುವುದು ಆಕೆಯ ಕೆಲಸ. ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಾ ಬೆರಳಿನ ಗೆಣ್ಣುಗಳು ಊದಿ ಗಂಟುಗಳಾಗಿದ್ದವು. ಐದು ಹಾಳೆಯನ್ನು ಬೆರಳ ಸಂದಿಗಳಲ್ಲಿ ಹಿಡಿದು, ಮಗುಚಿ ಮಗುಚಿ ಚಿತ್ರ ಚಲಿಸುವುದನ್ನು ನೋಡಲು ನನಗೆ ಕಲಿಸಿದವಳು ಆಕೆಯೇ. ದಿನಾ ಮನೆಯಲ್ಲಿ ಮಾಡಿದ ಕಂದು ಬ್ರೆಡ್ ತರುತ್ತಿದ್ದಳು, ದಪ್ಪ ಬೆಣ್ಣೆ ಬಳಿದು. ಅರ್ಧ ನನಗೆ.

"ಮುಂದಿನ ಚಿತ್ರಕ್ಕೆ ಆರೇ ಜನಾನ ಇಟ್ಕೋತಾರಂತೆ," ಅಂದಿದ್ದಳು ಒಮ್ಮೆ. "ಈ ಕೈ ನೋಡಿದ್ರೆ ನನ್ನನ್ನ ಯಾವತ್ತೋ ಕಳಿಸಬೇಕಿತ್ತು. ಕಳಿಸಿಲ್ಲ ಯಾಕೆ ಗೊತ್ತಾ? ಇವತ್ತಿನವರೆಗೂ ನನ್ನ ಕೈಯಿಂದ ಒಂದು ತಪ್ಪು ಹಾಳೆ ಹೊರಗೆ ಹೋಗಿಲ್ಲ. ಒಂದು ಹೋದ್ರೆ ಸಾಕು ಮರಿ, ಅಕ್ಕನ ಮನೇಲಿ ಬೆಕ್ಕಿನ ಜೊತೆ ಕೂತ್ಕೋಬೇಕು. ಆ ಬೆಕ್ಕಿಗೂ ನನ್ನ ಕಂಡ್ರೆ ಆಗಲ್ಲ."

ನಾನು ಕೆಳಗೆ ಹೋದ ದಿನ ಮಧ್ಯಾಹ್ನವೂ ಬ್ರೆಡ್ ತಂದಳು. "ಅವನ ಬಾಯಿಗೆ ಬೀಗ ಇಲ್ಲ ಕಣೋ. ನೀನು ಮನಸ್ಸಿಗೆ ಹಚ್ಕೋಬೇಡ," ಅಂದಳು.

"ನೀವೂ ನಕ್ಕಿರಿ."

ಆಕೆಯ ಮುಖ ಸ್ವಲ್ಪ ಕೆಂಪಾಯಿತು. "ನಗು ಬಂತು, ನಕ್ಕೆ. ಹೌದು. ಕ್ಷಮಿಸು ಮರಿ."

ಬ್ರೆಡ್ ತಿಂದೆ. ಕ್ಷಮಿಸಲಿಲ್ಲ.

ಚಿತ್ರವನ್ನು ಊರಿಗೆ ತೋರಿಸುವ ದಿನ ಗೊತ್ತಾಯಿತು. ಶನಿವಾರ, ಚರ್ಚ್ ಹಾಲ್‌ನಲ್ಲಿ, ಮಧ್ಯಾಹ್ನ ಮೂರಕ್ಕೆ. ಮುಂದಿನ ಚಿತ್ರಕ್ಕೆ ಹಣ ಹಾಕಬೇಕಾದ ಹೆಂಗಸು ಡಬ್ಲಿನ್‌ನಿಂದ ಬರುವವಳಿದ್ದಳು. ಆರು ದಿನ ಉಳಿದಿದ್ದಾಗ ಲೋರ್ಕನ್‌ಗೆ ಮನಸ್ಸು ಬದಲಾಯಿತು. ನಾಯಿ ಕಚ್ಚಿದ ಮೇಲೆ ಮೊಲ ಬಂದ ದಾರಿಯಲ್ಲೇ ತಿರುಗಿ ಓಡಬೇಕು ಅಂದ. ಅಲ್ಲಿಯವರೆಗೆ ಮೊಲ ಪರದೆಯ ಎಡಕ್ಕೆ ಓಡುತ್ತಿತ್ತು. ಇನ್ನು ಬಲಕ್ಕೆ ಓಡುವ ಹದಿನಾರು ಹೊಸ ಚಿತ್ರ ಬೇಕು. ಹದಿನಾರನ್ನೇ ಸುತ್ತಿ ಸುತ್ತಿ ಓಡಿಸಿದರೆ ಐದು ಸೆಕೆಂಡಿನ ಓಟ.

ನಾನು ಸ್ಕ್ಯಾನ್ ಮುಗಿದ ಹಾಳೆಗಳ ಕಟ್ಟು ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನ ತಿರುವಿನಲ್ಲಿ ಲೋರ್ಕನ್ ಮತ್ತು ಗೋಬ್ನೆಟ್ ನಿಂತಿದ್ದರು.

"ಹೊಸದಾಗಿ ಯಾಕೆ ಬಿಡಿಸ್ತೀಯಾ? ಹಳೇ ಹದಿನಾರನ್ನೇ ಮಗುಚಿ ಹಾಕ್ಕೊಂಡು ಹಿಂಭಾಗದಿಂದ ಗೆರೆ ಎಳಿ. ಎಡಕ್ಕೆ ಓಡೋದು ಬಲಕ್ಕೆ ಓಡತ್ತೆ," ಅಂದ ಲೋರ್ಕನ್.

"ಮಗುಚಿದ್ರೆ ಗಾಯಾನೂ ಮಗುಚತ್ತಲ್ಲೋ ಲೋರ್ಕನ್. ಎಡಗಾಲಿಂದು ಬಲಗಾಲಿಗೆ ಹೋಗತ್ತೆ."

"ಐದು ಸೆಕೆಂಡು ಗೋಬ್ನೆಟ್! ಯಾವನ ಕಣ್ಣಿಗೆ ಬೀಳತ್ತೆ? ಅಷ್ಟು ಹೊತ್ತಿಗೆ ಊರಿನ ಮುದುಕರೆಲ್ಲ ಗೊರಕೆ ಹೊಡೀತಿರ್ತಾರೆ. ನಾನು ಹೇಳ್ತಿದೀನಿ, ಮಗುಚು."

ನನ್ನನ್ನು ಇಬ್ಬರೂ ನೋಡಿದರು. ನಾನು ಗೋಡೆಗೆ ಒತ್ತಿಕೊಂಡು ದಾಟಿ ಹೋದೆ.

ನಮ್ಮಲ್ಲಿ ಪ್ರತಿ ದೃಶ್ಯಕ್ಕೂ ಒಂದು ದೊಡ್ಡ ಕಂದು ಕವರ್. ಆ ದೃಶ್ಯದ ಹಾಳೆಗಳೆಲ್ಲ ಅದರೊಳಗೆ. ಯಾರು ಏನು ಮಾಡಿದರೂ ಕವರಿನ ಮೇಲೆ ಬರೆದು ಹೆಸರು ಹಾಕಬೇಕು. ಯಾರು ತಿದ್ದಿದ್ದು, ಯಾರು ಹೇಳಿದ್ದಕ್ಕೆ ತಿದ್ದಿದ್ದು, ಎಲ್ಲವನ್ನೂ. ಜಗಳ ಬಂದರೆ ಯಾರೂ ಯಾರ ಬಾಯಿಯನ್ನೂ ನಂಬುವುದಿಲ್ಲ, ಕವರ್ ತಂದು ನೋಡುತ್ತಾರೆ. ಲೋರ್ಕನ್ ಮಾಡಿದ ಕಟ್ಟಳೆ ಅದು.

ಬುಧವಾರ ಗೋಬ್ನೆಟ್ ಕವರ್ ಹಿಡಿದು ಕೆಳಗೆ ಬಂದಳು. ಬಲಗೈಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡಿದ್ದಳು.

"ಹದಿನಾರೂ ಮುಗೀತು. ಈಗ ಈ ಬೆರಳು ಪೆನ್ಸಿಲ್ ಹಿಡಿಯಲ್ಲ ಅಂತ ಕೂತಿವೆ. ನೀನೇ ಕವರಿನ ಮೇಲೆ ಬರಿ ಮರಿ. 'ಲೋರ್ಕನ್ ಹೇಳಿದ್ದಕ್ಕೆ ಮಗುಚಿದೆ. ಗಾಯ ಬಲಗಾಲಿಗೆ ಹೋಗಿದೆ, ಸರಿಪಡಿಸಬೇಕು.' ಕೆಳಗೆ ನನ್ನ ಹೆಸರು ಹಾಕು. ಮೇಲೆ ಕವರ್ ತಪಾಸಣೆ ಮಾಡೋರು ನೋಡಿ ವಾಪಸ್ ಕಳಿಸಿದ್ರೆ ಇನ್ನೂ ಎರಡು ದಿನ ಇದೆ, ಕೈ ಸರಿಹೋದ್ರೆ ತಿದ್ದಿಕೊಡ್ತೀನಿ."

"ಆಯ್ತು."

"ಮರೀಬೇಡ."

"ಇಲ್ಲ."

ಬ್ರೆಡ್ ಮೇಜಿನ ಮೇಲಿಟ್ಟು ಹೋದಳು. ನಾನು ಪೆನ್ಸಿಲ್ ತೆಗೆದುಕೊಂಡೆ. ಬರೆದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಮೇಲಿನವರು ಓದುತ್ತಾರೆ, ಹಾಳೆ ವಾಪಸ್ ಬರುತ್ತದೆ, ನಾಲ್ಕು ಜನ ಕೂತು ಶುಕ್ರವಾರದೊಳಗೆ ತಿದ್ದುತ್ತಾರೆ. ಶನಿವಾರ ಊರೆಲ್ಲ ಎದ್ದು ನಿಂತು ಲೋರ್ಕನ್‌ಗೆ ಚಪ್ಪಾಳೆ ತಟ್ಟುತ್ತದೆ. ಆ ವಾರ ಬೆಳಗಿನ ಪ್ರದರ್ಶನವನ್ನೂ ನಿಲ್ಲಿಸಿದ್ದರು, ಯಾರಿಗೂ ಸಮಯ ಇರಲಿಲ್ಲ. ಕವರಿನ ಮೇಲೆ ಬರೆಯದಿದ್ದರೆ ಇದು ನೇರ ಹಾಲ್‌ಗೇ ಹೋಗುತ್ತದೆ.

ಹದಿನಾರೂ ಹಾಳೆಯನ್ನು ಒಂದೊಂದಾಗಿ ಗಾಜಿನ ಮೇಲಿಟ್ಟು ಗುಂಡಿ ಒತ್ತಿದೆ. ಆಕೆಯ ಗೆರೆ ಎಷ್ಟು ಚಂದ ಇತ್ತೆಂದರೆ, ಆ ಊದಿದ ಕೈಯಿಂದ ಬಂದದ್ದು ಅಂತ ಯಾರೂ ಹೇಳುವಂತಿರಲಿಲ್ಲ. ಆಮೇಲೆ ಕವರಿನ ಮೇಲೆ ಬರೆದೆ: 'ಸ್ಕ್ಯಾನ್ ಆಗಿದೆ. ಫೆಲಿಮ್ ಟೂಹಿ.' ಅಷ್ಟೇ. ಬ್ರೆಡ್ ತಿಂದೆ.

ಒಂದು ಅನುಮಾನ ಉಳಿಯಿತು. ಐದು ಸೆಕೆಂಡಿನಲ್ಲಿ ಕಾಲು ಬದಲಾದದ್ದು ನಿಜವಾಗಿಯೂ ಯಾರ ಕಣ್ಣಿಗೆ ಬೀಳುತ್ತದೆ? ಲೋರ್ಕನ್ ಹೇಳಿದ್ದು ಸುಳ್ಳಲ್ಲ. ಎರಡು ಕಾಲೂ ನೆಟ್ಟಗಿರುವವರು ಅದನ್ನು ನೋಡುವುದೇ ಇಲ್ಲ. ನೋಡುವವನು ಊರಿನಲ್ಲಿ ಒಬ್ಬನಿದ್ದ.

ಆ ಸಂಜೆ ಅಪ್ಪ ಆಲೂಗಡ್ಡೆಯ ಸಿಪ್ಪೆ ಬಿಡಿಸುತ್ತಾ ಊಟಕ್ಕೆ ಕೂತಿದ್ದ.

"ಶನಿವಾರ ನಮ್ಮ ಚಿತ್ರ ತೋರಿಸ್ತಾರೆ. ಬಾ," ಅಂದೆ.

"ಗೊಂಬೆ ಚಿತ್ರ ನೋಡೋ ವಯಸ್ಸೇನೋ ನಂದು?"

"ಮೊಲದ್ದು ಕಣಪ್ಪಾ."

"ಮೊಲ ಪಾತ್ರೇಲಿದ್ರೆ ಚಂದ. ಕುಡಿಯೋಕೆ ಏನು ಕೊಡ್ತಾರೆ?"

"ಟೀ."

"ಬರೀ ಟೀನಾ? ಹಣ ಇರೋರ ಬುದ್ಧಿ ನೋಡು." ಇನ್ನೊಂದು ಆಲೂಗಡ್ಡೆ ಎತ್ತಿಕೊಂಡು ಕೇಳಿದ, "ನೀನು ಮಾಡಿದ್ದು ಇದೆಯಾ ಅದರಲ್ಲಿ?"

"ಇದೆ."

ಮಾರನೇ ದಿನ ಪಬ್‌ನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದನಂತೆ, ನಮ್ಮ ಫೆಲಿಮ್ ಮಾಡಿದ ಮೊಲ ಅಂತ. ಶನಿವಾರ ತಾನೇ ಅಂಗಿ ಇಸ್ತ್ರಿ ಮಾಡಿಕೊಂಡ. ಕುಡಿದಿರಲಿಲ್ಲ.

ಹಾಲ್ ತುಂಬಿತ್ತು. ಬಾಗಿಲ ಪಕ್ಕದ ಉದ್ದನೆಯ ಮೇಜಿನ ಮೇಲೆ ಬಂದವರು ನೋಡಲಿ ಅಂತ ನಮ್ಮ ಅಸಲು ಹಾಳೆಗಳನ್ನೂ ಕವರುಗಳನ್ನೂ ಹರಡಿದ್ದರು. ಮುಂದಿನ ಸಾಲಿನಲ್ಲಿ ಲೋರ್ಕನ್, ಪಕ್ಕದಲ್ಲಿ ಡಬ್ಲಿನ್ ಹೆಂಗಸು. ಅಪ್ಪನನ್ನು ನಾನು ನಡುವಿನ ಸಾಲಿನ ತುದಿಯಲ್ಲಿ ಕೂರಿಸಿದೆ, ಕಾಲು ಚಾಚಲು ಜಾಗ ಇರುವ ಕಡೆ. ಕಿಟಕಿಯ ಪರದೆಗಳನ್ನು ಎಳೆದರು.

ಚಿತ್ರ ಚೆನ್ನಾಗಿತ್ತು. ಏನು ಮಾಡಲಿ, ಚೆನ್ನಾಗಿತ್ತು. ಮುಂಜಾನೆಯ ಹೊಲದಲ್ಲಿ ಹಸುವಿನ ಹೊಟ್ಟೆಯಡಿ ಮೊಲ ತಲೆ ಎತ್ತಿದಾಗ ಹಾಲ್‌ನಲ್ಲಿದ್ದವರು ಕುರ್ಚಿಯ ತುದಿಗೆ ಸರಿದರು. ಕರಿಯ ನಾಯಿ ಬಂತು. ಕಚ್ಚಿತು. ಮೊಲ ಎಡಗಾಲು ಎಳೆದುಕೊಂಡು ಕುಂಟಿತು.

ಅಪ್ಪ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡ. ನಾನು ಅವನನ್ನೇ ನೋಡುತ್ತಿದ್ದೆ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನು ಪರದೆಯಿಂದ ಕಣ್ಣು ತೆಗೆಯದೆ ನನ್ನ ತೋಳು ಹಿಡಿದ.

"ಇದು ನಾನಲ್ವೇನೋ," ಅಂದ ಪಿಸುಮಾತಿನಲ್ಲಿ. "ನನ್ನನ್ನ ಹಾಕಿದೀಯಲ್ಲೋ, ಮಗನೇ."

ಅವನ ಮುಖದಲ್ಲಿ ಸಂತೋಷ ಇತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತೋಳು ಬಿಡಿಸಿಕೊಂಡೆ.

ಮೊಲ ತಿರುಗಿತು. ಬಲಕ್ಕೆ ಓಡತೊಡಗಿತು. ಕೆಂಪು ಗಾಯ ಬಲಗಾಲಿನಲ್ಲಿತ್ತು.

"ಏಯ್!" ಅಪ್ಪ ಎದ್ದೇ ನಿಂತುಬಿಟ್ಟ. "ಏಯ್, ಕಾಲು ಬದಲಾಯ್ತು! ಎಡಗಾಲು ಕಣ್ರೋ ಅದು! ಎಡಗಾಲು!" ತನ್ನ ಎಡ ಮಂಡಿಯನ್ನು ಪಟಪಟ ಹೊಡೆದುಕೊಂಡ.

ಆಮೇಲೆ ಹಿಂದಿನಿಂದ ಯಾರೋ ಕೂಗಿದರು. "ಮಾಸಿ ಹೇಳಿದ್ರೆ ಸರಿನೇ! ಕುಂಟೋದ್ರಲ್ಲಿ ಅವನಿಗಿಂತ ಬಲ್ಲೋರು ಯಾರು!"

ನಗು ಒಡೆಯಿತು. ಕುರ್ಚಿಗಳು ಅಲ್ಲಾಡಿದವು. ಪರದೆಯ ಮೇಲೆ ಮಗಳು ಅಮ್ಮನ ಎಡ ಕಾಲುಚೀಲದ ರಕ್ತ ನೋಡುತ್ತಿದ್ದಳು. "ಈಗ ಯಾವ ಕಾಲಪ್ಪಾ?" "ನಾಯಿ ಎರಡೂ ಕಡೆ ಕಚ್ತೇನೋ!" ಮಗಳು ಮಣೆ ಎಳೆದುಕೊಂಡು ಅಡ್ಡ ಕೂತಳು. ಅಲ್ಲಿ ಜನ ಅಳಬೇಕಾಗಿತ್ತು. ನಗುತ್ತಾ ಕಣ್ಣು ಒರೆಸಿಕೊಂಡರು. ಅಪ್ಪ ಇನ್ನೂ ನಿಂತೇ ಇದ್ದ. ತನ್ನನ್ನು ನೋಡಿ ನಗುತ್ತಿದ್ದಾರೋ ಚಿತ್ರ ನೋಡಿ ನಗುತ್ತಿದ್ದಾರೋ ಅವನಿಗೆ ತಿಳಿಯುತ್ತಿರಲಿಲ್ಲ, ಬಾಯಿ ತಾನೂ ನಗುವ ಆಕಾರಕ್ಕೆ ಬಂದು ಅಲ್ಲೇ ನಿಂತಿತ್ತು.

ಲೋರ್ಕನ್ ಹಿಂದೆ ತಿರುಗಿದ. ಪರದೆಯ ಬೆಳಕಿನಲ್ಲಿ ಆ ಮುಖ ನೋಡಿದೆ. ಕೆನ್ನೆ ಜೋತು ಬಿದ್ದಿತ್ತು. ನನಗೆ ಬೇಕಾದದ್ದು ಸಿಕ್ಕಿತು. ಚಿತ್ರ ಮುಗಿಯುವವರೆಗೂ ಅದನ್ನೇ ನೋಡುತ್ತಾ ಕೂತೆ.

ದೀಪ ಹಾಕಿದರು. ಟೀ ಬಂತು. ಡಬ್ಲಿನ್ ಹೆಂಗಸು ಬಾಗಿಲ ಪಕ್ಕದ ಮೇಜಿನ ಹತ್ತಿರ ನಿಂತು ಲೋರ್ಕನ್‌ನನ್ನು ಕೇಳಿದಳು. "ಆ ಕಾಲಿಂದು ಏನು ಕಥೆ?"

ಅವನಿಗೆ ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಅದಾ? ಗೋಬ್ನೆಟ್, ಬಾ ಇಲ್ಲಿ." ಆಕೆ ಬಂದಳು. ಜನ ಸುತ್ತ ನಿಂತರು. "ನೋಡಿ, ಇವಳೇ. ಮೂವತ್ತು ವರ್ಷ ಗೆರೆ ಎಳೆದವಳು, ಎಡ ಯಾವುದು ಬಲ ಯಾವುದು ಗೊತ್ತಿಲ್ಲ. ಪಾಪ ಅಂತ ಇಟ್ಕೊಂಡಿದ್ದೆ. ಕೈ ಹೋಗಿದ್ದು ಗೊತ್ತಿತ್ತು, ಕಣ್ಣೂ ಹೋಗಿದೆ ಅಂತ ಇವತ್ತು ಗೊತ್ತಾಯ್ತು. ಮುಂದಿನ ಚಿತ್ರದಲ್ಲಿ ಇವಳಿರಲ್ಲ, ನೀವೇನೂ ಯೋಚನೆ ಮಾಡಬೇಡಿ."

"ಮಗುಚು ಅಂದಿದ್ದು ನೀನು, ಲೋರ್ಕನ್," ಅಂದಳು ಗೋಬ್ನೆಟ್. ದನಿ ಏರಲಿಲ್ಲ. "ಗಾಯ ಬಲಕ್ಕೆ ಹೋಗತ್ತೆ ಅಂತ ನಾನು ಹೇಳಿದ್ದೆ."

"ಹೌದಾ? ಕವರಿನ ಮೇಲಿದೆಯಾ?"

"ಇದೆ."

ಎಷ್ಟು ನೆಚ್ಚಿಕೆಯಿಂದ ಹೇಳಿದಳು! ಮೇಜಿನ ಮೇಲಿನ ಕವರುಗಳನ್ನು ಆ ಗಂಟುಗಂಟಾದ ಬೆರಳುಗಳಿಂದ ಒಂದೊಂದಾಗಿ ಸರಿಸಿ ಹುಡುಕಿದಳು. ಸಿಕ್ಕಿತು. ಕನ್ನಡಕ ಏರಿಸಿ ಓದಿದಳು. ಹಿಂದೆ ತಿರುಗಿಸಿ ನೋಡಿದಳು, ಅಲ್ಲೇನೂ ಇರಲಿಲ್ಲ. ಮತ್ತೆ ಮುಂದೆ ತಿರುಗಿಸಿ ಓದಿದಳು. 'ಸ್ಕ್ಯಾನ್ ಆಗಿದೆ. ಫೆಲಿಮ್ ಟೂಹಿ.'

ಆಮೇಲೆ ತಲೆ ಎತ್ತಿ ಜನರ ನಡುವೆ ನನ್ನನ್ನು ಹುಡುಕಿದಳು.

"ಫೆಲಿಮ್. ನಿನಗೆ ಹೇಳಿದ್ದೆನಲ್ಲ ಮರಿ, ಬರಿ ಅಂತ. ಮರೆತೆಯಾ?"

ನಾನು ಕೈಯಲ್ಲಿ ಟೀ ಹಿಡಿದು ನಿಂತಿದ್ದೆ.

"ಮರೆತಿದ್ರೆ ಮರೆತೆ ಅನ್ನು. ನಾನೇನೂ ಅನ್ಕೊಳಲ್ಲ. ಅಷ್ಟು ಹೇಳಿದ್ರೆ ಸಾಕು ನನಗೆ."

ಲೋರ್ಕನ್ ನನ್ನನ್ನೇ ನೋಡುತ್ತಿದ್ದ. "ಆ ದಿನ ಮೆಟ್ಟಿಲ ಹತ್ರ ನೀನೂ ಇದ್ದೆಯಲ್ಲ, ಫೆಲಿಮ್," ಅಂದ. ಟೂಹಿ ಅನ್ನದೆ ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಾನು ಮಗುಚು ಅಂದ್ನಾ? ಯೋಚನೆ ಮಾಡಿ ಹೇಳು. ಸೋಮವಾರದಿಂದ ನೀನು ಮೇಲೆ ಬರಬೇಕು, ಮೊಲದ ಕಾಲು ತಿದ್ದೋಕೆ ಕೈ ಬೇಕಾಗಿದೆ."

ಹೌದು ಅಂದರೆ ಅವನು ಬೀಳುತ್ತಾನೆ. ಯಾಕೆ ಬರೆಯಲಿಲ್ಲ ಅಂತ ಮರುಕ್ಷಣವೇ ಕೇಳುತ್ತಾರೆ, ನಾನೂ ಬೀಳುತ್ತೇನೆ. ಇಲ್ಲ ಅಂದರೆ ಆಕೆಗೆ ಅಕ್ಕನ ಮನೆಯ ಹಿಂದಿನ ಕೋಣೆ. ಆಕೆಯ ಕೈ ನೋಡಿದೆ. ಇಂದು ಅದು ಬಾಯಿಗೆ ಅಡ್ಡ ಇರಲಿಲ್ಲ. ಕವರನ್ನು ಎದೆಗೆ ಒತ್ತಿ ಹಿಡಿದುಕೊಂಡಿತ್ತು.

ಅಪ್ಪ ಜನರನ್ನು ಸರಿಸಿಕೊಂಡು ಕುಂಟುತ್ತಾ ಬಂದ. ಯಾರೋ ಕಿಸಕ್ಕೆಂದರು. "ಅವರು ಕೇಳ್ತಿದಾರಲ್ಲೋ," ಅಂದ. "ಗೊತ್ತಿದ್ರೆ ಹೇಳೋ. ಪಾಪ, ವಯಸ್ಸಾದ ಹೆಂಗಸು."

ಟೀ ಲೋಟವನ್ನು ಮೇಜಿನ ಮೇಲೆ ಹರಡಿದ್ದ ಹಾಳೆಗಳ ಮೇಲೇ ಇಟ್ಟೆ. ಯಾವ ಹಾಳೆ ಅಂತ ನೋಡಲಿಲ್ಲ. ಜಾಕೆಟ್ಟಿನ ಗುಂಡಿ ಹಾಕಿಕೊಂಡು ಬಾಗಿಲು ತಳ್ಳಿದೆ. ಹೊರಗೆ ಇನ್ನೂ ಬಿಸಿಲಿತ್ತು. ಹಿಂದಿನಿಂದ ಅಪ್ಪನ ಹೆಜ್ಜೆ ಕೇಳಿಸಿತು, ಒಂದು ಗಟ್ಟಿ, ಒಂದು ಎಳೆತ, ಒಂದು ಗಟ್ಟಿ, ಒಂದು ಎಳೆತ. ಹೊಸ್ತಿಲವರೆಗೆ ಬಂದು ನಿಂತಿತು. "ಫೆಲಿಮ್," ಅಂತ ಒಳಗಿನಿಂದ ಆಕೆ ಇನ್ನೊಮ್ಮೆ ಕರೆದಳು.

ನಾನು ಸೇತುವೆಯ ಕಡೆಗೆ ನಡೆದೆ.